ಮೂರು ಕಾಲಿನ ನಾಲ್ಕು ಹೆಜ್ಜೆ: ಪುಟ್ಟ ನಾಯಿಯ ಮಂಡಿಚಿಪ್ಪು ಜಾರಿದಾಗ

ಓಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಹಿಂದಿನ ಒಂದು ಕಾಲನ್ನು ಮಡಿಚಿ ಎತ್ತಿಕೊಳ್ಳುತ್ತದೆ. ಮೂರೇ ಕಾಲಿನಲ್ಲಿ ನಾಲ್ಕೈದು ಹೆಜ್ಜೆ ಕುಪ್ಪಳಿಸಿ, ಎತ್ತಿದ ಕಾಲನ್ನು ಒಮ್ಮೆ ಹಿಂದಕ್ಕೆ ಝಾಡಿಸಿ, ಮರುಕ್ಷಣವೇ ಏನೂ ಆಗದ ಹಾಗೆ ನಾಲ್ಕೂ ಕಾಲಿನಲ್ಲಿ ಓಡತೊಡಗುತ್ತದೆ. ಪಾಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಶಿಟ್ಜುಗಳಂತಹ ಪುಟ್ಟ ನಾಯಿಗಳನ್ನು ಸಾಕಿದವರಲ್ಲಿ ಅನೇಕರು ಇದನ್ನು ಕಂಡಿರುತ್ತಾರೆ. ಕೆಲವರು ಅದನ್ನು ನಾಯಿಯ ತುಂಟತನವೆಂದು ನಕ್ಕು ಸುಮ್ಮನಾಗುತ್ತಾರೆ, ಇನ್ನು ಕೆಲವರು ಕಾಲಿಗೆ ಮುಳ್ಳು ಚುಚ್ಚಿರಬಹುದೆಂದು ಪಾದ ನೋಡಿ ಏನೂ ಕಾಣದೆ ಬಿಟ್ಟುಬಿಡುತ್ತಾರೆ. ಕುಂಟುವಿಕೆ ಅಷ್ಟು ಬೇಗ ಮಾಯವಾಗುವುದೇ ಈ ಉದಾಸೀನಕ್ಕೆ ಕಾರಣ.

2020–21ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ನಗರಗಳ ಅಪಾರ್ಟ್‌ಮೆಂಟುಗಳಿಗೆ ಮರಿಯಾಗಿ ಬಂದ ನಾಯಿಗಳು ಈಗ ನಡುವಯಸ್ಸಿನಲ್ಲಿವೆ. ಹುಟ್ಟಿನಿಂದಲೇ ಇದ್ದ ಮಂಡಿಯ ಸಣ್ಣ ದೋಷ ನೋವಾಗಿ, ಸಂಧಿವಾತವಾಗಿ ಹೊರಗೆ ಕಾಣಿಸಿಕೊಳ್ಳತೊಡಗುವ ವಯಸ್ಸು ಇದು. ಆದ್ದರಿಂದ ಆ ನಾಲ್ಕು ಹೆಜ್ಜೆಗಳ ಹಿಂದೆ ಏನು ನಡೆಯುತ್ತದೆ, ಚಟುವಟಿಕೆಯ ನಾಯಿಯ ಓಟವನ್ನು ಕಸಿದುಕೊಳ್ಳದೆ ಅದನ್ನು ನಿಭಾಯಿಸುವುದು ಹೇಗೆ ಎಂಬುದನ್ನು ಮೊದಲಿನಿಂದ ನೋಡುವುದು ಉಪಯುಕ್ತ.

ಮಂಡಿಯೊಳಗಿನ ವ್ಯವಸ್ಥೆ

ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿರುವ ಗಂಟನ್ನು ಅನೇಕರು ಮಂಡಿಯೆಂದು ತಿಳಿಯುತ್ತಾರೆ. ಅದು ನಿಜವಾಗಿ ನಮ್ಮ ಹಿಮ್ಮಡಿಗೆ ಸಮನಾದ ಕೀಲು. ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಹತ್ತಿರ, ಕೂದಲಿನ ನಡುವೆ ಅಡಗಿದ್ದು ಮುಂದಕ್ಕೆ ಬಾಗಿರುತ್ತದೆ. ಅದರ ಮುಂಭಾಗದಲ್ಲಿ ಕಡಲೆಕಾಳಿನಷ್ಟು ಚಿಕ್ಕದಾದ ಒಂದು ಮೂಳೆಯಿದೆ, ಅದೇ ಮಂಡಿಚಿಪ್ಪು.

ಬಾವಿಯ ರಾಟೆಯನ್ನು ನೆನಪಿಸಿಕೊಂಡರೆ ಉಳಿದದ್ದು ಸುಲಭವಾಗಿ ತಿಳಿಯುತ್ತದೆ. ರಾಟೆಯ ಅಂಚಿನ ಸುತ್ತ ಒಂದು ತೋಡು ಇರುತ್ತದೆ, ಹಗ್ಗ ಆ ತೋಡಿನಲ್ಲಿ ಕುಳಿತು ಸರಿಯುತ್ತದೆ. ಮಂಡಿಯಲ್ಲಿ ತೊಡೆಮೂಳೆಯ ಕೆಳತುದಿಯೇ ರಾಟೆ, ಅಲ್ಲಿಯೂ ಒಂದು ತೋಡಿದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನಿಂದ ಹೊರಟು ಕೆಳಗಾಲಿನ ಮೂಳೆಯ ಮುಂಗಟ್ಟಿಗೆ, ಅಂದರೆ ಅದರ ಮುಂಭಾಗದ ಉಬ್ಬಿಗೆ, ಅಂಟಿಕೊಳ್ಳುವ ಗಟ್ಟಿ ಪಟ್ಟಿಯೇ ಹಗ್ಗ. ಆ ಹಗ್ಗದ ನಡುವೆ ಹುದುಗಿರುವ ಮಂಡಿಚಿಪ್ಪು ತೋಡಿನಲ್ಲಿ ಮೇಲಕ್ಕೂ ಕೆಳಕ್ಕೂ ಜಾರುತ್ತಿರುತ್ತದೆ. ಸ್ನಾಯು ಎಳೆದಾಗ ಕಾಲು ಚಾಚುತ್ತದೆ, ಸಡಿಲಿದಾಗ ಮಡಿಚುತ್ತದೆ.

ತೋಡು ಆಳವಿಲ್ಲದಿದ್ದರೆ, ಅಥವಾ ಹಗ್ಗದ ಎಳೆತ ನೇರವಾಗಿರದೆ ಒಂದು ಪಕ್ಕಕ್ಕೆ ಇದ್ದರೆ, ರಾಟೆಯ ಹಗ್ಗ ಅಂಚನ್ನು ದಾಟಿ ಹೊರಬೀಳುತ್ತದೆ. ಮಂಡಿಚಿಪ್ಪಿಗೂ ಆಗುವುದು ಇದೇ. ಪಶುವೈದ್ಯರು ಇದನ್ನು ಪಟೆಲ್ಲರ್ ಲಕ್ಸೇಶನ್ ಎನ್ನುತ್ತಾರೆ. ಚೀಟಿಯಲ್ಲಿ ಕೆಲವೊಮ್ಮೆ ಎಂಪಿಎಲ್ ಎಂದಷ್ಟೇ ಬರೆದಿರುತ್ತಾರೆ, ಅಂದರೆ ಚಿಪ್ಪು ಕಾಲಿನ ಒಳಬದಿಗೆ ಜಾರುತ್ತಿದೆ ಎಂದರ್ಥ. ಪುಟ್ಟ ನಾಯಿಗಳಲ್ಲಿ ಬಹುಪಾಲು ಕಾಣುವುದು ಈ ಒಳಜಾರು. ಚಿಪ್ಪು ಹೊರಗೆ ಬಿದ್ದ ಕ್ಷಣದಲ್ಲಿ ಮಂಡಿಯನ್ನು ಚಾಚಲು ಆಗುವುದಿಲ್ಲವಾದ್ದರಿಂದ ನಾಯಿ ಕಾಲೆತ್ತುತ್ತದೆ. ಆಮೇಲೆ ಕಾಲನ್ನು ಹಿಂದಕ್ಕೆ ಝಾಡಿಸಿದಾಗ ಚಿಪ್ಪು ಮರಳಿ ತೋಡಿಗೆ ಬೀಳುತ್ತದೆ, ಓಟ ಮುಂದುವರಿಯುತ್ತದೆ.

ಪುಟ್ಟ ತಳಿಗಳಿಗೇ ಏಕೆ

ಒಮ್ಮೆ ಎಲ್ಲಿಂದಲೋ ಬಿದ್ದು ಪೆಟ್ಟಾಗಿ ಚಿಪ್ಪು ಜಾರುವುದೂ ಉಂಟು, ಆದರೆ ಅದು ಕಡಿಮೆ. ಹೆಚ್ಚಿನ ಪುಟ್ಟ ನಾಯಿಗಳಲ್ಲಿ ದೋಷ ಬೆಳವಣಿಗೆಯ ಕಾಲದ್ದು, ಅದರ ಬೇರು ವಂಶವಾಹಿಯಲ್ಲಿದೆ. ತೊಡೆಮೂಳೆ ಸ್ವಲ್ಪ ಬಾಗಿರುತ್ತದೆ, ಕೆಳಗಾಲಿನ ಮೂಳೆಯಲ್ಲಿ ಪಟ್ಟಿ ಅಂಟಿಕೊಳ್ಳುವ ಮುಂಗಟ್ಟು ಒಳಕ್ಕೆ ಸರಿದಿರುತ್ತದೆ, ಹೀಗಾಗಿ ಎಳೆತದ ಗೆರೆ ತೋಡಿನ ನೇರಕ್ಕೆ ಬರುವುದಿಲ್ಲ. ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬೆಳೆಯುವ ಮರಿಯಲ್ಲಿ ಚಿಪ್ಪು ತೋಡಿನೊಳಗೆ ಒತ್ತಿ ಕುಳಿತಿದ್ದರೆ ಮಾತ್ರ ಆ ತೋಡು ಸರಿಯಾಗಿ ಆಳವಾಗುತ್ತದೆ. ಚಿಪ್ಪು ಆಗಾಗ ಹೊರಗಿದ್ದರೆ ತೋಡು ಚಪ್ಪಟೆಯಾಗಿಯೇ ಉಳಿಯುತ್ತದೆ, ಚಪ್ಪಟೆಯಾದಷ್ಟೂ ಚಿಪ್ಪು ಮತ್ತಷ್ಟು ಸುಲಭವಾಗಿ ಜಾರುತ್ತದೆ. ಅನೇಕ ನಾಯಿಗಳಲ್ಲಿ ದೋಷ ಎರಡೂ ಹಿಂಗಾಲುಗಳಲ್ಲಿ ಇರುತ್ತದೆ; ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ.

ಹೀಗಾಗಿ ಮಗುವಿನ ಜೊತೆ ಆಡುವಾಗ ಕಾಲು ಉಳುಕಿತು, ಸ್ನಾನ ಮಾಡಿಸುವಾಗ ಎಳೆದದ್ದರಿಂದ ಹೀಗಾಯಿತು ಎಂದು ಮನೆಯವರು ಒಬ್ಬರನ್ನೊಬ್ಬರು ದೂರುವುದರಲ್ಲಿ ಸಾಮಾನ್ಯವಾಗಿ ಹುರುಳಿರುವುದಿಲ್ಲ.

ನಾಲ್ಕು ಹಂತಗಳು

ಚಿಪ್ಪು ಎಷ್ಟು ಸುಲಭವಾಗಿ ಜಾರುತ್ತದೆ ಎಂಬುದನ್ನು ವೈದ್ಯರು ಒಂದರಿಂದ ನಾಲ್ಕರವರೆಗಿನ ಹಂತಗಳಲ್ಲಿ ಹೇಳುತ್ತಾರೆ. 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಅಳತೆಯೇ ಇಂದಿಗೂ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಚಿಪ್ಪು ವೈದ್ಯರು ಬೆರಳಿನಿಂದ ತಳ್ಳಿದರೆ ಹೊರಬಂದು, ಬೆರಳು ತೆಗೆದ ಕೂಡಲೇ ತಾನೇ ಒಳಗೆ ಹೋಗುತ್ತದೆ. ಈ ನಾಯಿಗಳು ಕುಂಟುವುದು ಅಪರೂಪ. ಎರಡನೆಯ ಹಂತದಲ್ಲಿ ಚಿಪ್ಪು ತಾನಾಗಿಯೇ ಆಗಾಗ ಜಾರುತ್ತದೆ, ನಾಯಿ ಕಾಲು ಝಾಡಿಸುವವರೆಗೆ ಅಥವಾ ಯಾರಾದರೂ ಕೈಯಿಂದ ಸರಿಪಡಿಸುವವರೆಗೆ ಹೊರಗೇ ಇರುತ್ತದೆ. ಆರಂಭದಲ್ಲಿ ಹೇಳಿದ ಕುಪ್ಪಳಿಕೆ ಬಹುಮಟ್ಟಿಗೆ ಈ ಹಂತದ್ದು. ಮೂರನೆಯದರಲ್ಲಿ ಚಿಪ್ಪು ಹೆಚ್ಚು ಹೊತ್ತು ಹೊರಗೇ ಇದ್ದು, ಕೈಯಿಂದ ಒಳಗೆ ಕೂರಿಸಿದರೂ ಮತ್ತೆ ಜಾರುತ್ತದೆ. ನಾಲ್ಕನೆಯದರಲ್ಲಿ ಅದನ್ನು ಕೈಯಿಂದ ಕೂರಿಸಲು ಸಾಧ್ಯವೇ ಇಲ್ಲ, ನಾಯಿ ಮಂಡಿ ಬಾಗಿಸಿಕೊಂಡು ಕುಕ್ಕರಿಸಿದಂತೆ ನಡೆಯುತ್ತದೆ.

ಹಂತದ ಸಂಖ್ಯೆ ನೋವಿನ ಅಳತೆಯಲ್ಲ ಎಂಬುದನ್ನು ಮರೆಯಬಾರದು. ಎರಡನೆಯ ಹಂತದ ನಾಯಿಯಲ್ಲಿ ಚಿಪ್ಪು ದಿನವೂ ಹಲವು ಬಾರಿ ತೋಡಿನ ಅಂಚನ್ನು ಉಜ್ಜಿಕೊಂಡು ದಾಟುತ್ತದೆ. ಅಂಚಿನ ಮೇಲೂ ಚಿಪ್ಪಿನ ಒಳಮೈಯಲ್ಲೂ ಇರುವ ನುಣುಪಾದ ಮೃದ್ವಸ್ಥಿ ಆ ಉಜ್ಜುವಿಕೆಯಿಂದ ಸವೆಯುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಆದ್ದರಿಂದ ಒಮ್ಮೆ ಸವೆದದ್ದು ಚರ್ಮದ ಗಾಯದಂತೆ ಮಾಯುವುದಿಲ್ಲ. ಮುಂದೆ ಬರುವ ಸಂಧಿವಾತದ ಮೂಲ ಇದು.

ಅಳದ ನಾಯಿಯ ನೋವು

ಕೀಲುನೋವಿರುವ ನಾಯಿ ಕುಂಯ್‌ಗುಡುವುದು ಕಡಿಮೆ. ಮೊದಲು ಬದಲಾಗುವುದು ಅದರ ಅಭ್ಯಾಸಗಳು. ಸೋಫಾದ ಮೇಲೆ ಒಂದೇ ನೆಗೆತಕ್ಕೆ ಏರುತ್ತಿದ್ದದ್ದು ಈಗ ಮುಂಗಾಲಿಟ್ಟು ನಿಂತು ಯಾರಾದರೂ ಎತ್ತಲಿ ಎಂದು ನೋಡುತ್ತದೆ. ಕೂರುವಾಗ ಎರಡೂ ಹಿಂಗಾಲುಗಳನ್ನು ಹೊಟ್ಟೆಯಡಿಗೆ ಸರಿಯಾಗಿ ಮಡಿಚುವ ಬದಲು ಒಂದನ್ನು ಪಕ್ಕಕ್ಕೆ ಚಾಚುತ್ತದೆ. ಬೆಳಿಗ್ಗೆ ಎದ್ದಾಗ ಮೊದಲ ಹತ್ತು ಹೆಜ್ಜೆ ಬಿಗಿಯಾಗಿದ್ದು ಆಮೇಲೆ ಸಡಿಲಗೊಳ್ಳುತ್ತದೆ. ಸದಾ ಮಂಡಿಯ ಬಳಿಯೇ ನೆಕ್ಕುವುದು, ಹಿಂಭಾಗದ ಕೂದಲು ಬಾಚುವಾಗ ತಿರುಗಿ ಗುರ್ರೆನ್ನುವುದು, ಮಳೆಗಾಲದ ಚಳಿಯಲ್ಲಿ ಏಳಲು ಸೋಮಾರಿತನ ತೋರುವುದು ಇವೆಲ್ಲ ಗಮನಿಸಬೇಕಾದ ಚಿಹ್ನೆಗಳು. ಎರಡು ತೊಡೆಗಳನ್ನೂ ಏಕಕಾಲಕ್ಕೆ ಎರಡು ಕೈಯಲ್ಲಿ ಹಿಡಿದು ನೋಡಿದರೆ, ಬಹುಕಾಲ ಕಡಿಮೆ ಬಳಸಿದ ಕಾಲಿನ ತೊಡೆ ತೆಳ್ಳಗಾಗಿರುವುದು ಅನುಭವಕ್ಕೆ ಬರುತ್ತದೆ. ಉಣ್ಣೆಯಂತಹ ದಟ್ಟ ಕೂದಲಿರುವ ನಾಯಿಯಲ್ಲಿ ಕಣ್ಣಿಗಿಂತ ಕೈಯನ್ನು ನಂಬಬೇಕು.

ಹೀಗೆಯೇ ಕಾಣುವ ಬೇರೆ ತೊಂದರೆಗಳು

ಪ್ರತಿ ಕುಂಟಿಗೂ ಮಂಡಿಚಿಪ್ಪೇ ಕಾರಣವಲ್ಲ. ಆರೇಳು ತಿಂಗಳ ಮರಿ ಒಂದು ಹಿಂಗಾಲನ್ನು ಬಿಡದೆ ಕುಂಟುತ್ತಾ, ಸೊಂಟವನ್ನು ಮುಟ್ಟಿದರೆ ನೋವು ತೋರಿಸಿದರೆ, ತೊಡೆಮೂಳೆಯ ಚೆಂಡಿನ ಭಾಗಕ್ಕೆ ರಕ್ತ ಪೂರೈಕೆ ಕಡಿಮೆಯಾಗಿ ಮೂಳೆ ಕುಸಿಯುವ ಲೆಗ್–ಕಾಲ್ವೆ–ಪರ್ಥೆಸ್ ಎಂಬ ರೋಗವನ್ನು ವೈದ್ಯರು ಸಂಶಯಿಸುತ್ತಾರೆ. ಅದೂ ಪುಟ್ಟ ತಳಿಗಳ ರೋಗವೇ.

ನಡುವಯಸ್ಸಿನ ನಾಯಿ ಇದ್ದಕ್ಕಿದ್ದಂತೆ ಕಾಲನ್ನು ಊರದೇ ಹೋದರೆ ಮಂಡಿಯೊಳಗಿನ ಮುಂಭಾಗದ ಅಸ್ಥಿರಜ್ಜು ಹರಿದಿರಬಹುದು. ಜಾರುವ ಚಿಪ್ಪಿರುವ ಮಂಡಿಯಲ್ಲಿ ಈ ರಜ್ಜುವಿನ ಮೇಲೆ ಹೆಚ್ಚಿನ ಹೊರೆ ಬೀಳುವುದರಿಂದ ಎರಡೂ ತೊಂದರೆಗಳು ಒಂದೇ ಕಾಲಿನಲ್ಲಿ ಸಿಗುವುದು ಅಪರೂಪವಲ್ಲ. ವರ್ಷಗಟ್ಟಲೆ ಬಂದು ಹೋಗುತ್ತಿದ್ದ ಕುಂಟು ಒಂದು ದಿನ ಬಂದು ಹೋಗದೇ ಉಳಿದುಬಿಟ್ಟರೆ ಕಾಯಬಾರದು ಎನ್ನುವುದು ಇದಕ್ಕಾಗಿಯೇ.

ಡ್ಯಾಶ್‌ಹಂಡ್‌ನಂತಹ ಉದ್ದ ಬೆನ್ನಿನ ನಾಯಿಗಳಲ್ಲಿ ಕಾಲಿನ ತೊಂದರೆಯಂತೆ ಕಾಣುವುದು ಬೆನ್ನುಮೂಳೆಯ ತಟ್ಟೆ (ಡಿಸ್ಕ್) ಜಾರಿದ್ದೂ ಆಗಿರಬಹುದು. ಪಾದ ಮಗುಚಿ ಉಗುರಿನ ಮೇಲ್ಭಾಗ ನೆಲಕ್ಕೆ ಉಜ್ಜುತ್ತಿದ್ದರೆ, ಹಿಂಭಾಗ ತೂರಾಡುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅದು ಅದೇ ದಿನ ಆಸ್ಪತ್ರೆಗೆ ಕೊಂಡೊಯ್ಯಬೇಕಾದ ತುರ್ತು. ನಮ್ಮ ಹವೆಯಲ್ಲಿ ವರ್ಷವಿಡೀ ಕಾಡುವ ಉಣ್ಣಿಗಳು ಹರಡುವ ಜ್ವರವೂ ಕೀಲುಗಳನ್ನು ಊದಿಸುತ್ತದೆ. ಇಂದು ಒಂದು ಕಾಲು, ನಾಡಿದ್ದು ಇನ್ನೊಂದು ಕಾಲು ಎಂಬಂತೆ ಕುಂಟು ಸ್ಥಳ ಬದಲಿಸುತ್ತಿದ್ದು, ಜೊತೆಗೆ ಜ್ವರ, ಊಟ ಸೇರದಿರುವಿಕೆ ಇದ್ದರೆ ರಕ್ತಪರೀಕ್ಷೆ ಅಗತ್ಯ.

ವೈದ್ಯರ ಬಳಿ ಹೋಗುವ ಮುನ್ನ

ಆಸ್ಪತ್ರೆಯ ಮೇಜಿನ ಮೇಲೆ ಹೆಚ್ಚಿನ ನಾಯಿಗಳು ಕುಂಟುವುದಿಲ್ಲ. ಹೆದರಿಕೆಯಲ್ಲಿ ನೋವು ಮರೆತು ನೇರವಾಗಿ ನಿಲ್ಲುತ್ತವೆ, ಮನೆಯವರು ಮಾತ್ರ ಇಲ್ಲ ಡಾಕ್ಟ್ರೇ, ಬೆಳಿಗ್ಗೆ ಕುಂಟುತ್ತಿತ್ತು ಎಂದು ವಿವರಿಸುತ್ತಿರುತ್ತಾರೆ. ಮೊಬೈಲ್‌ನ ನಿಧಾನಗತಿ ವಿಡಿಯೋ ಇಲ್ಲಿ ಬಹಳ ಉಪಕಾರಿ. ಒಬ್ಬರು ನಾಯಿಯನ್ನು ಸಡಿಲ ಹಗ್ಗದಲ್ಲಿ ನಡೆಸಬೇಕು, ಇನ್ನೊಬ್ಬರು ನೆಲದ ಮಟ್ಟಕ್ಕೆ ಫೋನ್ ಇಳಿಸಿ ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಚಿತ್ರಿಸಬೇಕು. ನಿಂತ ಎತ್ತರದಿಂದ ತೆಗೆದ ವಿಡಿಯೋದಲ್ಲಿ ಬೆನ್ನು ಕಾಣುತ್ತದೆಯೇ ಹೊರತು ಮಂಡಿ ಕಾಣುವುದಿಲ್ಲ.

ವೈದ್ಯರು ನಾಯಿಯನ್ನು ನಿಲ್ಲಿಸಿಯೂ ಮಲಗಿಸಿಯೂ ಮಂಡಿಯನ್ನು ಮಡಿಚಿ ಚಾಚಿ ಬೆರಳಿನಿಂದ ಚಿಪ್ಪನ್ನು ಪರೀಕ್ಷಿಸುತ್ತಾರೆ. ಹಂತವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಕೈಪರೀಕ್ಷೆ. ಎಕ್ಸ್‌ರೇ ತೆಗೆಯುವ ಗಳಿಗೆಯಲ್ಲಿ ಚಿಪ್ಪು ತೋಡಿನೊಳಗೇ ಇದ್ದರೆ ಚಿತ್ರ ಸರಿಯಾಗಿಯೇ ಕಾಣಬಹುದು. ಮೂಳೆಯ ಬಾಗು, ಸಂಧಿವಾತ, ಸೊಂಟದ ಸ್ಥಿತಿಗಳನ್ನು ತಿಳಿಯಲು ಎಕ್ಸ್‌ರೇ ಬೇಕು.

ತೂಕ: ಎಲ್ಲಕ್ಕಿಂತ ದೊಡ್ಡ ಮದ್ದು

ಮನೆಯವರ ಕೈಯಲ್ಲಿರುವ ಉಪಾಯಗಳಲ್ಲಿ ಅತ್ಯಂತ ಪರಿಣಾಮಕಾರಿಯಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. 4 ಕೆ.ಜಿ. ಇರಬೇಕಾದ ನಾಯಿ 5 ಕೆ.ಜಿ. ಆದರೆ ಒಂದೇ ಕಿಲೋ ತಾನೇ ಎನಿಸುತ್ತದೆ. ಆದರೆ ಅದು ಶೇಕಡ 25ರ ಹೆಚ್ಚಳ, 60 ಕೆ.ಜಿ. ಮನುಷ್ಯ 75 ಕೆ.ಜಿ. ಆದಂತೆ. ಆ ಹೆಚ್ಚಿನ ಭಾರದಿಂದ ಪ್ರತಿ ಹೆಜ್ಜೆಗೂ ಅದೇ ಪುಟ್ಟ ಮಂಡಿಯ ಮೇಲಿನ ಹೊರೆ ಏರುತ್ತದೆ. ಅಲ್ಲದೆ ಕೊಬ್ಬು ಸುಮ್ಮನೆ ಕುಳಿತ ಹೊರೆಯಲ್ಲ, ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಅದು ಸ್ರವಿಸುತ್ತದೆ.

ತೂಕ ಮತ್ತು ಕೀಲಿನ ಸಂಬಂಧವನ್ನು ಸ್ಪಷ್ಟವಾಗಿ ತೋರಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡ 25ರಷ್ಟು ಕಡಿಮೆ ಆಹಾರವನ್ನು ಮರಿತನದಿಂದ ಸಾಯುವವರೆಗೂ ಕೊಡಲಾಯಿತು. ಕಡಿಮೆ ತಿಂದ ನಾಯಿಗಳಿಗೆ ಸಂಧಿವಾತದ ಚಿಕಿತ್ಸೆ ಬೇಕಾದದ್ದು ಬಹಳ ತಡವಾಗಿ, ಮತ್ತು ಅವುಗಳ ಆಯುಸ್ಸಿನ ಮಧ್ಯಮಾನ 13 ವರ್ಷವಾಗಿತ್ತು, ಉಳಿದವುಗಳದ್ದು 11.2 ವರ್ಷ. ಲ್ಯಾಬ್ರಡಾರ್ ದೊಡ್ಡ ನಾಯಿ, ಅದರ ಮುಖ್ಯ ತೊಂದರೆ ಸೊಂಟದ್ದು. ಆದರೂ ತೆಳ್ಳಗಿನ ದೇಹ ಕೀಲಿಗೆ ಹಿತವೆಂಬ ತತ್ವ ಪುಟ್ಟ ನಾಯಿಗೂ ಸಲ್ಲುತ್ತದೆ.

ಕೂದಲು ತುಂಬಿದ ನಾಯಿಯ ತೂಕ ಸರಿಯಿದೆಯೇ ಎಂದು ನೋಡಲು ಬೆರಳೇ ಸಾಕು. ಎದೆಯ ಎರಡು ಪಕ್ಕದಲ್ಲಿ ಅಂಗೈಯಿಟ್ಟು ಹಗುರವಾಗಿ ಸವರಿದಾಗ ಪಕ್ಕೆಲುಬುಗಳು ಒಂದೊಂದಾಗಿ ಎಣಿಕೆಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಾಗಿದೆ. ಮೇಲಿನಿಂದ ನೋಡಿದರೆ ಪಕ್ಕೆಲುಬಿನ ಹಿಂದೆ ನಡು ಒಳಕ್ಕೆ ಸರಿದಿರಬೇಕು.

ತೂಕ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಸಂತಾನಹರಣ ಚಿಕಿತ್ಸೆಯಾದ 4 ಕೆ.ಜಿ. ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 300 ಕ್ಯಾಲೊರಿ ಸಾಕು. ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲೊರಿ ಇದೆ. ಬೆಳಗಿನ ಕಾಫಿಯ ಹೊತ್ತಿಗೆ ಅಜ್ಜ ಒಂದು, ಶಾಲೆಯಿಂದ ಬಂದ ಮಗಳು ಒಂದು, ಸಂಜೆಯ ಟೀಗೆ ಅಮ್ಮ ಎರಡು ಕೊಟ್ಟರೆ ನಾಯಿಯ ದಿನದ ಅಗತ್ಯದ ಮೂರನೆಯ ಒಂದು ಭಾಗ ಬಟ್ಟಲಿಗೆ ಊಟ ಬೀಳುವ ಮೊದಲೇ ಮುಗಿದಿರುತ್ತದೆ. ಮೊಸರನ್ನದ ಮೇಲೆ ಹಾಕುವ ಒಂದು ಟೀ ಚಮಚ ತುಪ್ಪದಲ್ಲಿ ಇನ್ನೂ 45 ಕ್ಯಾಲೊರಿ. ನಾನು ಕೊಟ್ಟದ್ದು ಒಂದೇ ಎಂದು ಪ್ರತಿಯೊಬ್ಬರೂ ಹೇಳುವುದು ನಿಜವೇ ಆಗಿರುತ್ತದೆ, ಲೆಕ್ಕ ತಪ್ಪುವುದು ಕೂಡಿಸಿದಾಗ. ಬೆಳಿಗ್ಗೆಯೇ ದಿನದ ತಿನಿಸನ್ನೆಲ್ಲ ಒಂದು ಡಬ್ಬಿಗೆ ಅಳೆದು ಹಾಕಿ, ಯಾರು ಕೊಟ್ಟರೂ ಅದರಿಂದಲೇ ತೆಗೆದು ಕೊಡುವ ಪದ್ಧತಿ ಅನೇಕ ಮನೆಗಳಲ್ಲಿ ಫಲ ಕೊಟ್ಟಿದೆ. ಕ್ಯಾರೆಟ್, ಸೌತೆಕಾಯಿ, ಬೇಯಿಸಿದ ಹುರುಳಿಕಾಯಿಯ ತುಂಡುಗಳನ್ನು ಬಿಸ್ಕತ್ತಿನ ಬದಲು ಕೊಡಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಇಳಿಕೆ ನಿಧಾನವಾಗಿರಬೇಕು. ವಾರಕ್ಕೆ ದೇಹತೂಕದ ಶೇಕಡ 1ರಿಂದ 2, ಅಂದರೆ 5 ಕೆ.ಜಿ. ನಾಯಿಗೆ 50ರಿಂದ 100 ಗ್ರಾಂ ಇಳಿದರೆ ಸಾಕು. ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನೆತ್ತಿಕೊಂಡು ನಿಂತರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಆಸ್ಪತ್ರೆಯ ಯಂತ್ರದಲ್ಲಿ ಎರಡು ವಾರಕ್ಕೊಮ್ಮೆ ತೂಗಿಸುವುದು ಒಳ್ಳೆಯದು.

ನುಣುಪು ನೆಲ ಮತ್ತು ಜಿಗಿತ

ನಮ್ಮ ಮನೆಗಳಿಗೆ ಹೊಳಪು ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ಗುಡಿಸಿ ಒರೆಸಲು ಅನುಕೂಲವೆಂದು. ನಾಯಿಯ ಪಾದಕ್ಕೆ ಅದರಷ್ಟು ಪ್ರತಿಕೂಲವಾದ ನೆಲ ಇನ್ನೊಂದಿಲ್ಲ. ಕರೆಗಂಟೆ ಬಾರಿಸಿದ ಕ್ಷಣವನ್ನು ಗಮನಿಸಿ: ಅಡುಗೆಮನೆಯಲ್ಲಿದ್ದ ನಾಯಿ ಬಾಗಿಲಿನತ್ತ ಚಿಮ್ಮುತ್ತದೆ, ಉಗುರುಗಳು ಟೈಲ್ಸಿನ ಮೇಲೆ ಕರಕರ ಸದ್ದು ಮಾಡುತ್ತವೆ, ನಡುಮನೆಯ ತಿರುವಿನಲ್ಲಿ ಮುಂಗಾಲು ತಿರುಗಿದರೂ ಹಿಂಗಾಲುಗಳು ಹೊರಕ್ಕೆ ಜಾರುತ್ತವೆ. ಪಾದ ಹೊರಕ್ಕೆ ಜಾರಿ ಮಂಡಿ ತಿರುಚುವ ಆ ಭಂಗಿಯಲ್ಲಿಯೇ ಚಿಪ್ಪಿನ ಮೇಲಿನ ಪಕ್ಕದೆಳೆತ ಹೆಚ್ಚುತ್ತದೆ. ಡೆಲಿವರಿಯವರು ದಿನಕ್ಕೆ ನಾಲ್ಕು ಸಲ ಬರುವ ಮನೆಯಲ್ಲಿ ಇದು ನಾಲ್ಕು ಸಲ ನಡೆಯುತ್ತದೆ.

ಇಡೀ ಮನೆಗೆ ಹಾಸು ಹಾಕಬೇಕಿಲ್ಲ. ನಾಯಿ ಓಡುವ ದಾರಿ ಮತ್ತು ತಿರುಗುವ ಮೂಲೆಗಳಿಗೆ, ಅದು ಏರಿ ಇಳಿಯುವ ಸೋಫಾದ ಮುಂದೆ, ಊಟದ ಬಟ್ಟಲಿನ ಕೆಳಗೆ ಅಡಿಯಲ್ಲಿ ರಬ್ಬರಿರುವ ಕಾಲೊರಸು ಅಥವಾ ಹಳೆಯ ಯೋಗ ಚಾಪೆ ಹಾಸಿದರೆ ಬಹುಪಾಲು ಕೆಲಸವಾಯಿತು. ಜಾರುವ ಜಮಖಾನ ಮಾತ್ರ ಬೇಡ, ಅದು ನಾಯಿಯನ್ನೂ ಹೊತ್ತುಕೊಂಡೇ ಜಾರುತ್ತದೆ. ನಿಂತಾಗ ಉಗುರು ನೆಲಕ್ಕೆ ತಾಗುತ್ತಿದ್ದರೆ ಕತ್ತರಿಸಬೇಕು. ಪಾಮೇರಿಯನ್, ಶಿಟ್ಜುಗಳ ಪಾದದ ಅಡಿಯಲ್ಲಿ ಮೆತ್ತೆಗಳ ನಡುವೆ ಬೆಳೆಯುವ ಕೂದಲು ಮೆತ್ತೆಯನ್ನೇ ಮುಚ್ಚಿ ಹಿಡಿತ ತಪ್ಪಿಸುತ್ತದೆಯಾದ್ದರಿಂದ ಅದನ್ನೂ ತಿಂಗಳಿಗೊಮ್ಮೆ ಟ್ರಿಮ್ ಮಾಡಬೇಕು.

ಜಿಗಿತಗಳಲ್ಲಿ ಏರುವುದಕ್ಕಿಂತ ಇಳಿಯುವುದನ್ನು ಜನ ಹಗುರವಾಗಿ ಕಾಣುತ್ತಾರೆ. ಆದರೆ ಮಂಚ, ದಿವಾನ, ಸೋಫಾಗಳ ಎತ್ತರ ಪುಟ್ಟ ನಾಯಿಯ ಭುಜದ ಎತ್ತರಕ್ಕಿಂತ ಹೆಚ್ಚು, ಇಳಿಯುವಾಗಿನ ಹೊಡೆತವೂ ಗಣನೀಯ. ಮೆಟ್ಟಿಲಿನಂತಹ ಫೋಮ್ ಪೆಟ್ಟಿಗೆ ಅಥವಾ ಒರಟು ಬಟ್ಟೆ ಸುತ್ತಿದ ಇಳಿಜಾರು ಹಲಗೆ ಇಟ್ಟರೂ ನಾಯಿ ಮೊದಮೊದಲು ಅದನ್ನು ಬಿಟ್ಟು ಪಕ್ಕದಿಂದಲೇ ಜಿಗಿಯುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕ್ಯಾರೆಟ್ ಚೂರಿಟ್ಟು ಕೆಲವು ದಿನ ಕಲಿಸಬೇಕು. ನಮ್ಮಲ್ಲಿ ಇನ್ನೊಂದು ಜಿಗಿತವಿದೆ: ಸ್ಕೂಟರಿನ ಮುಂಭಾಗದಲ್ಲಿ ಕಾಲಿಡುವ ಜಾಗದಲ್ಲಿ ನಿಂತು ಸವಾರಿ ಮಾಡುವ ನಾಯಿ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಮನೆ ಬಂತೆಂದು ರಸ್ತೆಗೆ ಹಾರುತ್ತದೆ. ಕೀಲಿನ ತೊಂದರೆಯಿರಲಿ ಇಲ್ಲದಿರಲಿ, ಆ ಅಭ್ಯಾಸವನ್ನು ಬಿಡಿಸಿ ಎತ್ತಿ ಇಳಿಸುವುದೇ ಸರಿ. ಎತ್ತುವಾಗ ಮುಂಗಾಲುಗಳ ಕೆಳಗೆ ಮಾತ್ರ ಕೈಹಾಕಿ ತೂಗಾಡಿಸದೆ, ಒಂದು ಕೈ ಎದೆಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಡಬೇಕು.

ಎಷ್ಟು ಓಡಬಹುದು

ಮಂಡಿ ಜಾರುತ್ತದೆಂದು ತಿಳಿದ ಕೂಡಲೇ ನಾಯಿಯನ್ನು ಕಟ್ಟಿಹಾಕುವವರಿದ್ದಾರೆ. ಇದು ಅರ್ಥವಾಗುವ ಭಯವಾದರೂ ಪರಿಣಾಮ ವಿರುದ್ಧವಾಗಿರುತ್ತದೆ. ಮಂಡಿಚಿಪ್ಪನ್ನು ತೋಡಿನ ನೇರಕ್ಕೆ ಹಿಡಿದಿಡಲು ನೆರವಾಗುವುದು ತೊಡೆಯ ಸ್ನಾಯುಗಳು. ನಡಿಗೆಯಿಲ್ಲದೆ ಅವು ಸೊರಗುತ್ತವೆ, ತೂಕ ಏರುತ್ತದೆ. ತಗ್ಗಿಸಬೇಕಾದದ್ದು ಗಕ್ಕನೆ ನಿಲ್ಲುವ, ತಿರುಗುವ, ಎಗರುವ ಚಲನೆಗಳನ್ನು.

ದಿನಕ್ಕೆ ಎರಡು ಮೂರು ಬಾರಿ 15–20 ನಿಮಿಷದ ಸಮಗತಿಯ ನಡಿಗೆ, ಭಾನುವಾರ ಒಂದೇ ದಿನ ಕಬ್ಬನ್ ಪಾರ್ಕಿನಲ್ಲಿ ಎರಡು ಗಂಟೆ ಬಿಡುವುದಕ್ಕಿಂತ ಹಿತ. ಚೆಂಡೆಸೆಯುವ ಆಟ ಬೇಕೇಬೇಕಾದರೆ ಗಾಳಿಯಲ್ಲಿ ಎಸೆಯದೆ ಹುಲ್ಲಿನ ಮೇಲೆ ನೇರವಾಗಿ ಉರುಳಿಸಬಹುದು. ಹಿಂಗಾಲಿನ ಮೇಲೆ ನಿಂತು ಕುಣಿಯುವುದು ನೋಡಲು ಮುದ್ದಾದರೂ ಮಂಡಿಗೆ ದಂಡ. ನಿಧಾನವಾಗಿ ಸಣ್ಣ ಏರು ಹತ್ತಿಸುವುದು, ಕೂರು–ನಿಲ್ಲು ಎಂದು ಹೇಳಿ ನೆಟ್ಟಗೆ ಕೂರಿಸಿ ಏಳಿಸುವುದು, ಎರಡು ಕುಂಡಗಳ ನಡುವೆ ಎಂಟರ ಆಕಾರದಲ್ಲಿ ನಡೆಸುವುದು ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳು. ಇವುಗಳ ಪ್ರಮಾಣವನ್ನು ಪರೀಕ್ಷಿಸಿದ ವೈದ್ಯರಿಂದ ಕೇಳಿ ತಿಳಿಯಬೇಕು. ಮರುದಿನ ಬೆಳಿಗ್ಗೆ ನಾಯಿ ಬಿಗಿಯಾಗಿ ಎದ್ದರೆ ಹಿಂದಿನ ದಿನದ ವ್ಯಾಯಾಮ ಹೆಚ್ಚಾಯಿತೆಂದೇ ಲೆಕ್ಕ. ಪುಟ್ಟ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ದೋಷವೂ ಸಾಮಾನ್ಯವಾದ್ದರಿಂದ ಕುತ್ತಿಗೆಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಉತ್ತಮ.

ಮಾತ್ರೆ, ಎಣ್ಣೆ, ಪುಡಿಗಳು

ನೋವು ಮತ್ತು ಉರಿಯೂತಕ್ಕೆ ವೈದ್ಯರು ಮೆಲಾಕ್ಸಿಕಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್ ಮುಂತಾದ ಔಷಧಗಳನ್ನು ನಾಯಿಯ ತೂಕಕ್ಕೆ ತಕ್ಕಂತೆ ಬರೆಯುತ್ತಾರೆ. ಇವುಗಳನ್ನು ಆಹಾರದೊಂದಿಗೆ ಕೊಡಬೇಕು, ದೀರ್ಘಕಾಲ ಕೊಡುವುದಾದರೆ ಯಕೃತ್ತು ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸುತ್ತಿರಬೇಕು, ವಾಂತಿ ಅಥವಾ ಕಪ್ಪು ಮಲ ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಮನೆಯ ಔಷಧದ ಡಬ್ಬಿಯಲ್ಲಿರುವ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದು ಅಪಾಯಕರ. 400 ಮಿ.ಗ್ರಾಂನ ಒಂದು ಐಬುಪ್ರೊಫೆನ್ ಮಾತ್ರೆ 4 ಕೆ.ಜಿ. ನಾಯಿಗೆ ಕೆ.ಜಿ.ಗೆ 100 ಮಿ.ಗ್ರಾಂ ಆಗುತ್ತದೆ, ಜಠರದಲ್ಲಿ ಹುಣ್ಣಾಗಿ ರಕ್ತ ಸೋರಲು ಅಷ್ಟು ಸಾಕು. ಡೈಕ್ಲೊಫೆನಾಕ್ ಕೂಡ ಹಾಗೆಯೇ. ಸತ್ತ ದನಗಳ ಮೂಲಕ ರಣಹದ್ದುಗಳನ್ನು ಕೊಲ್ಲುತ್ತಿದ್ದ ಇದೇ ಡೈಕ್ಲೊಫೆನಾಕನ್ನು 2006ರಲ್ಲಿ ಭಾರತ ಪಶುಚಿಕಿತ್ಸೆಯಿಂದ ನಿಷೇಧಿಸಿತು, ಅದರ ಬದಲಿಗೆ ಹದ್ದುಗಳಿಗೆ ಸುರಕ್ಷಿತವೆಂದು ಸೂಚಿಸಲ್ಪಟ್ಟದ್ದು ಮೇಲೆ ಹೇಳಿದ ಮೆಲಾಕ್ಸಿಕಾಮ್.

ಕೀಲಿಗೆಂದು ಮಾರುವ ಗ್ಲುಕೋಸಮೀನ್, ಕಾಂಡ್ರಾಯ್ಟಿನ್ ಪೂರಕಗಳು ಬಹಳ ಜನಪ್ರಿಯ, ಆದರೆ ಅವುಗಳ ಪ್ರಯೋಜನಕ್ಕೆ ಸಿಕ್ಕಿರುವ ಪುರಾವೆ ದುರ್ಬಲ. ಮೀನೆಣ್ಣೆಯ ಒಮೆಗಾ–3 ಕೊಬ್ಬಿಗೆ ಅದಕ್ಕಿಂತ ಉತ್ತಮ ಆಧಾರವಿದೆ. ಅದೂ ಎಣ್ಣೆಯೇ ಆದ್ದರಿಂದ ಅದರ ಕ್ಯಾಲೊರಿ ದಿನದ ಲೆಕ್ಕಕ್ಕೆ ಸೇರಬೇಕು. ಯಾವ ಪುಡಿಯೂ ಚಪ್ಪಟೆಯಾದ ತೋಡನ್ನು ಆಳಗೊಳಿಸಲಾರದು. ಮಂಡಿಗೆ ಮುಲಾಮು ತಿಕ್ಕುವುದೂ ಸಲ್ಲದು, ನಾಯಿ ಅದನ್ನು ನೆಕ್ಕಿ ನುಂಗುತ್ತದೆ.

ಶಸ್ತ್ರಚಿಕಿತ್ಸೆ ಯಾವಾಗ

ಕುಂಟದ ಮೊದಲ ಹಂತದ ನಾಯಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಎರಡನೆಯ ಹಂತದಲ್ಲಿ ನಿರ್ಧಾರ ಕುಂಟು ಎಷ್ಟು ಬಾರಿ ಬರುತ್ತದೆ, ನೋವಿದೆಯೇ ಎಂಬುದನ್ನು ಅವಲಂಬಿಸುತ್ತದೆ. ಅಪರೂಪಕ್ಕೆ ಕುಪ್ಪಳಿಸುವ ನಾಯಿಯನ್ನು ಮೇಲೆ ಹೇಳಿದ ಕ್ರಮಗಳೊಂದಿಗೆ ವರ್ಷಗಟ್ಟಲೆ ನೋಡಿಕೊಳ್ಳಬಹುದು. ವಾರವಾರವೂ ಕುಂಟುವ ನಾಯಿಗೆ, ಹಾಗೂ ಮೂರು ಮತ್ತು ನಾಲ್ಕನೆಯ ಹಂತಗಳಲ್ಲಿ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಬೆಳೆಯುವ ಮರಿಯಲ್ಲಿ ಮೇಲಿನ ಹಂತದ ದೋಷ ಕಂಡರೆ ಕಾಯುವುದು ತರವಲ್ಲ, ಏಕೆಂದರೆ ವಕ್ರ ಎಳೆತದಲ್ಲಿ ಮೂಳೆಗಳೇ ವಕ್ರವಾಗಿ ಬೆಳೆಯುತ್ತವೆ.

ಮಾಡುವ ಕೆಲಸ ರಾಟೆಯನ್ನು ಸರಿಪಡಿಸುವವನದ್ದೇ. ತೋಡನ್ನು ಆಳಗೊಳಿಸುತ್ತಾರೆ, ಮೇಲಿನ ಮೃದ್ವಸ್ಥಿಯ ಪದರವನ್ನು ತುಂಡಾಗಿ ಎತ್ತಿ, ಅಡಿಯ ಮೂಳೆಯನ್ನು ತೆಗೆದು, ಅದನ್ನು ಮತ್ತೆ ಕೆಳಮಟ್ಟದಲ್ಲಿ ಕೂರಿಸುವುದು ಒಂದು ವಿಧಾನ. ಹಗ್ಗ ಅಂಟಿಕೊಂಡ ಮುಂಗಟ್ಟನ್ನು ಕತ್ತರಿಸಿ ಸರಿಯಾದ ನೇರಕ್ಕೆ ಸರಿಸಿ ತಂತಿಯಂತಹ ಸಣ್ಣ ಪಿನ್ನುಗಳಿಂದ ಬಿಗಿಯುತ್ತಾರೆ. ಒಳಬದಿಯ ಬಿಗಿ ಪೊರೆಯನ್ನು ಸಡಿಲಿಸಿ ಹೊರಬದಿಯದನ್ನು ಹೊಲಿದು ಬಿಗಿಗೊಳಿಸುತ್ತಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿದ್ದು, ಎಲ್ಲಿ ಯಾವ ಶಸ್ತ್ರಚಿಕಿತ್ಸೆ ಲಭ್ಯವೆಂಬುದನ್ನು ಸ್ಥಳೀಯ ವೈದ್ಯರ ಮೂಲಕ ವಿಚಾರಿಸಬಹುದು.

ಕಷ್ಟದ ಭಾಗ ಆಮೇಲಿನ ಆರರಿಂದ ಎಂಟು ವಾರ. ಸರಿಸಿದ ಮೂಳೆ ಕೂಡಿಕೊಳ್ಳುವವರೆಗೆ ಜಿಗಿತ, ಮೆಟ್ಟಿಲು, ಓಟ ಯಾವುದೂ ಸಲ್ಲದು. ಚುರುಕು ನಾಯಿಗೆ ಎರಡನೆಯ ವಾರದಲ್ಲೇ ನೋವು ಕಡಿಮೆಯಾಗಿ ಓಡುವ ಹುಮ್ಮಸ್ಸು ಬರುತ್ತದೆ, ಮೂಳೆ ಮಾತ್ರ ಇನ್ನೂ ಕೂಡಿರುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ನಾಯಿಯನ್ನು ಆವರಣದೊಳಗೆ ಶಾಂತವಾಗಿರಲು ಅಭ್ಯಾಸ ಮಾಡಿಸಿ, ಮಕ್ಕಳ ರಜೆ, ಮದುವೆ, ಹಬ್ಬಗಳ ಗದ್ದಲವಿಲ್ಲದ ಕಾಲವನ್ನು ಆರಿಸಿಕೊಳ್ಳುವುದು ಜಾಣತನ.

ಮರಿ ಕೊಳ್ಳುವವರು ಕೇಳಬೇಕಾದದ್ದು

ದೋಷ ವಂಶಪಾರಂಪರ್ಯವಾಗಿ ಬರುವುದರಿಂದ ಮಂಡಿಚಿಪ್ಪು ಜಾರುವ ನಾಯಿಯಿಂದ ಮರಿ ಪಡೆಯಬಾರದು. ಶಸ್ತ್ರಚಿಕಿತ್ಸೆ ಆ ನಾಯಿಯ ಕಾಲನ್ನು ಸರಿಪಡಿಸುತ್ತದೆಯೇ ಹೊರತು ಅದು ಮರಿಗಳಿಗೆ ದಾಟಿಸುವುದನ್ನಲ್ಲ. ತಳಿ ನೋಂದಣಿಯ ಪತ್ರ ವಂಶಾವಳಿಯನ್ನು ಹೇಳುತ್ತದೆ, ಮಂಡಿಯ ಸ್ಥಿತಿಯನ್ನು ಹೇಳುವುದಿಲ್ಲ. ಮರಿ ನೋಡಲು ಹೋದಾಗ ತಾಯಿನಾಯಿಯನ್ನು ನೆಲದ ಮೇಲೆ ನಡೆಸಿ ತೋರಿಸಲು ಕೇಳಬೇಕು, ಸಾಧ್ಯವಾದರೆ ತಂದೆಯದ್ದನ್ನೂ. ಎರಡರ ಮಂಡಿಯನ್ನೂ ಒಂದು ವರ್ಷ ತುಂಬಿದ ಮೇಲೆ ವೈದ್ಯರು ಪರೀಕ್ಷಿಸಿದ ಬರಹವಿದೆಯೇ ಎಂದು ವಿಚಾರಿಸಬೇಕು. ಮನೆಗೆ ತಂದ ಮರಿಯ ಮಂಡಿಯನ್ನು ಪ್ರತಿ ಲಸಿಕೆಯ ಭೇಟಿಯಲ್ಲೂ ಒಮ್ಮೆ ಮುಟ್ಟಿ ನೋಡುವಂತೆ ವೈದ್ಯರನ್ನು ಕೇಳಬಹುದು. ಅದಕ್ಕೆ ತಗಲುವುದು ಒಂದೆರಡು ನಿಮಿಷ.